ಪ್ರಾಂತ ಬಿಟ್ಟು ಪ್ರಾಂತಕ್ಕೆ ಹೋಗುವವರ ಜಮಾ-ಖರ್ಚು

(ವಿಜಯಪುರ ಜಿಲ್ಲೆಯ ಗ್ರಾಮವೊಂದರಲ್ಲಿ, ಗೋವೆಗೆ ಹೊರಟ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ತಮ್ಮಲ್ಲಿ ಅನೇಕರು ಈ ವಾರವೇ ಊರು ಬಿಡುವವರಿದ್ದೀರಿ. ಗಂಟು ಕಟ್ಟಿಯಾಗಿದೆ, ಗಾಡಿಯ ಹೊತ್ತೂ ಗೊತ್ತಾಗಿದೆ. ಇಂಥ ಸಮಯದಲ್ಲಿ "ಹೋಗಬೇಡಿರಿ" ಎಂದು ಉಪದೇಶ ಮಾಡುವುದು ಸುಲಭ. ಆದರೆ ಮಳೆ ಕೈಬಿಟ್ಟ ಹೊಲದಲ್ಲಿ ಉಪದೇಶದಿಂದ ಜೋಳ ಬೆಳೆಯದು. "ಹೋಗಿರಿ, ಅಲ್ಲಿ ಹೊನ್ನು ಸುರಿಯುತ್ತದೆ" ಎನ್ನುವುದೂ ಅಷ್ಟೇ ಸುಲಭ. ಆ ಕೆಲಸವನ್ನು ಗುತ್ತಿಗೆದಾರರ ಮುಕಾದಮರು ನಮಗಿಂತ ಚೆನ್ನಾಗಿ ಮಾಡುತ್ತಲಿದ್ದಾರೆ. ಕೂಲಿಯ ಲೆಕ್ಕವನ್ನು ತಾವೇ ಬಲ್ಲಿರಿ. ಆ ಲೆಕ್ಕದಲ್ಲಿ ಬರೆಯದೆ ಬಿಟ್ಟುಹೋಗುವ ಕೆಲವು ಬಾಬುಗಳಿವೆ. ಅವನ್ನು ತಮ್ಮೆದುರು ಇಡುವುದಷ್ಟೇ ನಮ್ಮ ಉದ್ದೇಶ.

ಮೊದಲು ಗಡಿಯ ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆಗ ಇಲ್ಲಿಂದ ಮುಂಬಯಿಯ ಗಿರಣಿಗೆ ದುಡಿಯಲು ಹೋದವನು ಪ್ರಾಂತವನ್ನು ಬಿಟ್ಟವನೆನಿಸುತ್ತಿರಲಿಲ್ಲ. ಬೆಂಗಳೂರಿಗೆ ಹೋದವನೇ ಪರರಾಜ್ಯಕ್ಕೆ ಹೋದವನು! ಈ ವಿಪರೀತವನ್ನು ತಿದ್ದುವುದಕ್ಕಾಗಿಯೇ ಏಕೀಕರಣದ ಹಿರಿಯರು ತಮ್ಮ ಆಯುಷ್ಯವನ್ನು ಸವೆಸಿದರು. 1956ರ ನವೆಂಬರ್ 1ರಂದು ಅವರ ಶ್ರಮ ಬಹುಮಟ್ಟಿಗೆ ಕೈಗೂಡಿತು. ಗೋವೆಯಾದರೋ 1961ರ ಡಿಸೆಂಬರದವರೆಗೆ ಪೋರ್ತುಗೀಜರ ವಶದಲ್ಲಿದ್ದಿತು. ಬಿಡುಗಡೆಯಾದ ಮೇಲೆ, 1967ರ ಜನವರಿಯಲ್ಲಿ, ಅಲ್ಲಿಯ ಜನರು ಮಹಾರಾಷ್ಟ್ರದೊಡನೆ ಸೇರುವುದು ಬೇಡವೆಂದು ಮತವಿತ್ತರು. 1987ರಲ್ಲಿ ಕೊಂಕಣಿ ಅಲ್ಲಿ ರಾಜಭಾಷೆಯಾಯಿತು. ಅದೇ ವರ್ಷದ ಮೇ 30ರಂದು ಗೋವೆ ಪೂರ್ಣ ರಾಜ್ಯವಾಯಿತು. ಎಂದರೆ, ನಮ್ಮಂತೆಯೇ ನುಡಿಯ ಸಲುವಾಗಿ ಹೋರಾಡಿ ಮನೆ ಕಟ್ಟಿಕೊಂಡ ಜನರ ಬಳಿಗೆ ತಾವು ಹೋಗುತ್ತಲಿದ್ದೀರಿ. ಅಲ್ಲಿಯ ಸರಕಾರಿ ಬಸ್ಸುಗಳ ಮೇಲೆ "ಕದಂಬ" ಎಂಬ ಹೆಸರನ್ನು ಕಂಡು ನಮ್ಮ ತರುಣರು ಹಿಗ್ಗುವುದುಂಟು. ಹಿಗ್ಗಲಿ, ಆದರೆ ಆ ಹೆಸರಿನ ಬಲದಿಂದ ಟಿಕೀಟಿಲ್ಲದೆ ಕೂಡ್ರಿಸಿಕೊಳ್ಳುವರೆಂದು ತಿಳಿಯಬಾರದು.

ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಮುರಗಾಂವ ಬಂದರದಲ್ಲಿ, ಕಬ್ಬಿಣದ ಅದಿರಿನ ಗಣಿಗಳಲ್ಲಿ, ಮನೆ ಕಟ್ಟುವ ಕೆಲಸದಲ್ಲಿ ಉತ್ತರ ಕರ್ನಾಟಕದ ಕೈಗಳು ದಶಕಗಳಿಂದ ದುಡಿದು ಇಲ್ಲಿಯ ಸಾಲಗಳನ್ನು ತೀರಿಸಿವೆ. ನಮ್ಮ ತಾಂಡಾಗಳ ತಾಯಂದಿರು ತಮ್ಮ ಕಸೂತಿಯನ್ನು ಅಂಜುಣದ ಸಂತೆಯಲ್ಲಿ ದೇಶ-ವಿದೇಶದವರಿಗೆ ಮಾರುತ್ತಾರೆ. ಊರಿನಲ್ಲಿ ಕೇಳುವವರಿಲ್ಲದ ಕೈಕೆಲಸಕ್ಕೆ ಅಲ್ಲಿ ಬೆಲೆ ಬಂದಿದೆ. ಆದರೆ ಪರಸ್ಥಳದ ದುಡಿಮೆಯ ಬೇರು ಆಳವಾಗಿರುವುದಿಲ್ಲ. 2012ರಲ್ಲಿ ಗೋವೆಯ ಗಣಿಗಳು ನಿಂತಾಗ, ಮತ್ತೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು 88 ಗಣಿ ಗುತ್ತಿಗೆಗಳನ್ನು ರದ್ದುಗೊಳಿಸಿದಾಗ, ಒಲೆ ಆರಿದ ಮನೆಗಳಲ್ಲಿ ನಮ್ಮವೂ ಇದ್ದವು. 2020ರ ಮಾರ್ಚಿನಲ್ಲಿ ರೋಗದ ಭಯದಿಂದ ಗಡಿಗಳು ಮುಚ್ಚಿದಾಗ, ಅತ್ತ ಕೆಲಸವೂ ಇಲ್ಲದೆ ಇತ್ತ ಬರುವ ದಾರಿಯೂ ಇಲ್ಲದೆ ಕುಳಿತವರು ಈ ಸಭೆಯಲ್ಲಿಯೇ ಇರಬಹುದು.

ಇನ್ನು ಕಾಗದ-ಪತ್ರಗಳ ಮಾತು. ಇದು ನೀರಸವೆಂದು ತೋರೀತು; ಆದರೆ ದೊಡ್ಡ ಹಾನಿ ಅಡಗಿರುವುದು ಇಲ್ಲಿಯೇ. ಪಡಿತರ ಚೀಟಿಯು 2020ರ ಆರಂಭದಿಂದ ಗೋವೆಯಲ್ಲಿಯೂ ನಡೆಯುತ್ತದೆ, ನಿಜ. ಆದರೆ ಅದರ ಮೇಲೆ ಅಲ್ಲಿ ದೊರೆಯುವುದು ಕೇಂದ್ರ ಸರಕಾರದ ಪಾಲು ಮಾತ್ರ. ನಮ್ಮ ರಾಜ್ಯ ತನ್ನ ಬೊಕ್ಕಸದಿಂದ ಕೂಡಿಸುವ ಪಾಲು ಘಟ್ಟವನ್ನು ಇಳಿಯುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಜಾತಿ ಪ್ರಮಾಣಪತ್ರದ ಸಂಗತಿ. ಅನುಸೂಚಿತ ಜಾತಿ-ಪಂಗಡಗಳ ಪಟ್ಟಿಯು ರಾಜ್ಯ ರಾಜ್ಯಕ್ಕೆ ಬೇರೆಯಾಗಿದೆ. ಲಂಬಾಣಿಗರನ್ನೇ ತೆಗೆದುಕೊಳ್ಳಿರಿ: ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ; ಗೋವೆಯ ಪರಿಶಿಷ್ಟರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಒಂದು ರಾಜ್ಯದಲ್ಲಿ ಪಡೆದ ಈ ಸ್ಥಾನವು ನೆಲೆ ಬದಲಿಸಿದವನ ಜೊತೆಗೆ ಇನ್ನೊಂದು ರಾಜ್ಯಕ್ಕೆ ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿಯೇ ತೀರ್ಮಾನಿಸಿತು. 2018ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಅದೇ ಮನುಷ್ಯ, ಅದೇ ತಾಂಡಾ, ಅದೇ ಬಡತನ. ಘಟ್ಟ ದಾಟಿದೊಡನೆ ಕಾಗದ ಬೇರೆ! ಮೂಲರಾಜ್ಯದಲ್ಲಿಯ ಸವಲತ್ತು ಅಳಿಯುವುದಿಲ್ಲವೆಂಬುದು ಸಮಾಧಾನದ ಮಾತು. ಆದುದರಿಂದ ಇಲ್ಲಿಯ ದಾಖಲೆಗಳನ್ನು ಕಳೆದುಕೊಳ್ಳಬೇಡಿರಿ, ಅಲಕ್ಷ್ಯದಿಂದ ಕೆಡಲೂ ಬಿಡಬೇಡಿರಿ.

ಅಲ್ಲಿಯ ಸರಕಾರಿ ನೌಕರಿಗೆ 15 ವರ್ಷಗಳ ವಾಸದ ಪ್ರಮಾಣಪತ್ರವನ್ನು ಕೇಳುತ್ತಾರೆ, ಕೊಂಕಣಿ ಬರಬೇಕೆನ್ನುತ್ತಾರೆ. ಇದು ಅನ್ಯಾಯವೆಂದು ನಮ್ಮ ಕೆಲವರು ಕೂಗುವುದನ್ನು ಕೇಳಿದ್ದೇವೆ. ಸಾವಧಾನ! 1986ರಲ್ಲಿ ಸರೋಜಿನಿ ಮಹಿಷಿಯವರ ಸಮಿತಿ ನಮ್ಮ ನಾಡಿನಲ್ಲಿ ಕನ್ನಡಿಗನಾರೆಂಬುದಕ್ಕೆ ಹಾಕಿದ ಅಳತೆಯೇನು? 15 ವರ್ಷಗಳ ವಾಸ, ಮತ್ತು ಕನ್ನಡ ಬಲ್ಲವನಾಗಿರುವುದು. ಆ ವರದಿ ಜಾರಿಗೆ ಬರಲೆಂದು ಸಭೆ ಕೂಡಿಸಿದವರು ನಾವೇ. ಬೆಂಗಳೂರಿನಲ್ಲಿ ಒಂದು ಕೊಳಗ, ವಾಸ್ಕೊದಲ್ಲಿ ಇನ್ನೊಂದು ಕೊಳಗವನ್ನು ಹಿಡಿದು ಅಳೆಯುವ ಕನ್ನಡಿಗನಿಗೆ ಎರಡೂ ಕಡೆ ಮರ್ಯಾದೆ ಉಳಿಯದು.

ಹಾಗಾದರೆ ಕೊಂಕಣಿಯನ್ನು ಕಲಿತು ಕನ್ನಡವನ್ನು ಬಿಡಬೇಕೇ ಎಂದು ಯಾರಾದರೂ ಕೇಳಿಯಾರು. ಇದಕ್ಕೆ ಉತ್ತರವು ಆ ಗೋವೆಯ ಇತಿಹಾಸದಲ್ಲಿಯೇ ದೊರೆಯುತ್ತದೆ. ಪೋರ್ತುಗೀಜರ ಆಳಿಕೆಯಲ್ಲಿ, ಮುಖ್ಯವಾಗಿ 1560ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಪೀಠ ಸ್ಥಾಪನೆಯಾದ ಮೇಲೆ, ಅನೇಕ ಕೊಂಕಣಿ ಕುಟುಂಬಗಳು ದೇವರ ಪೆಟ್ಟಿಗೆಯನ್ನು ಹೊತ್ತು ನಮ್ಮ ಕರಾವಳಿಗೆ ಬಂದು ನೆಲೆಸಿದವು. ಇಂದು ತಾವು ಹೋಗುವ ದಿಕ್ಕಿಗೆ ಎದುರಾಗಿ ಬಂದ ಜನ ಅವರು. ಮನೆಯೊಳಗೆ ಕೊಂಕಣಿಯನ್ನು 400 ವರ್ಷ ಆಡಿದರು; ಅಂಗಡಿಯಲ್ಲಿ, ಶಾಲೆಯಲ್ಲಿ ಕನ್ನಡವನ್ನು ತಮ್ಮದಾಗಿಸಿಕೊಂಡರು. ಕನ್ನಡದ ಮಕ್ಕಳಿಗೆ ಪದ್ಯಗಳನ್ನು ಬರೆದುಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. 1949ರಲ್ಲಿ ರಾಷ್ಟ್ರಕವಿಯೆಂಬ ಬಿರುದು ಪಡೆದ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಅದೇ. ಅವರ ಕೊಂಕಣಿಯಿಂದ ಕನ್ನಡಕ್ಕೆ ಒಂದಿಷ್ಟಾದರೂ ಹಾನಿಯಾಯಿತೇ?

ಗೋವಿಂದ ಪೈಗಳ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಅದು ನಮ್ಮ ಮನಸ್ಸನ್ನು ಇಂದಿಗೂ ನೋಯಿಸುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮಂಜೇಶ್ವರವೂ ಅದರೊಡನೆ ಹೋಯಿತು. ತಮ್ಮ ಮನೆಯಲ್ಲಿ ಕುಳಿತಿದ್ದ ಮುದುಕ ಕವಿ ಒಂದು ಹೆಜ್ಜೆಯನ್ನೂ ಇಡದೆ ಪರಪ್ರಾಂತದವರಾದರು. 1963ರಲ್ಲಿ ತೀರಿಕೊಳ್ಳುವವರೆಗೆ ಹಾಗೆಯೇ ಉಳಿದರು. ಜನರು ಪ್ರಾಂತವನ್ನು ಬಿಟ್ಟುಹೋಗುವುದು ಒಂದು ಬಗೆ. ಪ್ರಾಂತವೇ ಜನರನ್ನು ಬಿಟ್ಟುಹೋಗುವುದು ಇನ್ನೊಂದು. ಕಾಸರಗೋಡಿನವರಿಗೆ, ಸೊಲ್ಲಾಪುರ-ಅಕ್ಕಲಕೋಟೆಯವರಿಗೆ, ಮಡಕಶಿರೆಯವರಿಗೆ ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ತಮಗೆ ಅದು ಉಂಟು. ಅದಕ್ಕಾಗಿಯೇ ಇಷ್ಟು ಹೊತ್ತು ಲೆಕ್ಕ ಮಾಡುತ್ತಿದ್ದೇವೆ.

ಮಕ್ಕಳ ಲೆಕ್ಕವೇ ಎಲ್ಲಕ್ಕೂ ಕಠಿಣವಾದುದು. ಕೂಲಿಯ ಲಾಭ ಮೊದಲ ವಾರದಲ್ಲಿಯೇ ಕೈಗೆ ಬರುತ್ತದೆ. ನುಡಿಯ ನಷ್ಟ ತಿಳಿಯುವುದು ಹತ್ತು ವರ್ಷಗಳ ಮೇಲೆ, ಮೊಮ್ಮಗ ಅಜ್ಜಿಯ ಮಾತಿಗೆ ಬೆಪ್ಪಾಗಿ ನಿಂತಾಗ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಕೊಡಲು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ರಾಜ್ಯಗಳ ಮರುವಿಂಗಡಣೆಯಾದ 1956ರಲ್ಲಿಯೇ ಅದನ್ನು ಸೇರಿಸಲಾಯಿತು. ಆದರೆ ಕೇಳುವ ತಂದೆ-ತಾಯಿಗಳಿಲ್ಲದಿದ್ದರೆ ಆ ವಿಧಿ ಪುಸ್ತಕದಲ್ಲಿಯೇ ಮಲಗಿರುತ್ತದೆ. ಕನ್ನಡ ಶಾಲೆ ಹತ್ತಿರವಿದ್ದರೆ ಅದಕ್ಕೆ ಕಳಿಸಿರಿ, ಕೊಂಕಣಿಯನ್ನು ಓಣಿಯಲ್ಲಿ ಕಲಿಯಲಿ. ಇಲ್ಲದಿದ್ದರೆ ಅಲ್ಲಿಯ ಶಾಲೆಗೆ ಕಳಿಸಿ, ಕನ್ನಡದ ಅಕ್ಷರಗಳನ್ನು ರಾತ್ರಿ ಮನೆಯಲ್ಲಿ ತಿದ್ದಿಸಿರಿ. ಎರಡೂ ಆಗದು ಎನ್ನುವವರು ಮಕ್ಕಳನ್ನು ಕರೆದೊಯ್ಯುವ ಮುನ್ನ ಇನ್ನೊಮ್ಮೆ ವಿಚಾರಿಸಬೇಕೆಂದು ನಮ್ಮ ವಿನಂತಿ.

ಮಹಾದಾಯಿ ನೀರಿನ ಮಾತು ಬಂದಾಗಲೆಲ್ಲ ಎರಡೂ ಕಡೆಯ ಪತ್ರಿಕೆಗಳು ಕುದಿಯುತ್ತವೆ. 2018ರಲ್ಲಿ ನ್ಯಾಯಾಧಿಕರಣವು ನಮಗೆ 13.42 ಟಿ.ಎಂ.ಸಿ. ನೀರನ್ನು ಹಂಚಿತು; ಜಗಳ ತೀರಲಿಲ್ಲ. ಇಲ್ಲಿಂದ ನಾವು ಗರ್ಜಿಸಿದರೆ ಅದರ ಬಿಸಿ ತಟ್ಟುವುದು ಅಲ್ಲಿಯ ಗುಡಿಸಲಿನಲ್ಲಿರುವ ತಮಗೆ. ನೀರಿನ ಹಕ್ಕನ್ನು ಬಿಡದೆಯೇ ನಾಲಗೆಯನ್ನು ಹಿಡಿಯಬಹುದು. ಪತ್ರಿಕೆ ನಡೆಸುವ ನಾವೂ ಇದನ್ನು ನೆನಪಿನಲ್ಲಿಡುತ್ತೇವೆ.

ಹೊರಡುವವರು ಮಕ್ಕಳ ವರ್ಗಾವಣೆ ಪತ್ರವನ್ನು ನಾಳೆಯೇ ಗುರುಗಳಿಂದ ಪಡೆಯಿರಿ. ಅದು ತಡವಾಯಿತೆಂದು ಅಲ್ಲಿಯ ಸರಕಾರಿ ಶಾಲೆ ಮಗುವನ್ನು ಹಿಂದಿರುಗಿಸುವಂತಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯದೆಯಲ್ಲಿ ಹಾಗೆ ಬರೆದಿದೆ. ಜಾತಿ ಪ್ರಮಾಣಪತ್ರದ, ಹೊಲದ ಉತಾರೆಯ ಒಂದೊಂದು ನಕಲನ್ನು ಇಲ್ಲಿ ಉಳಿಯುವ ಹಿರಿಯರ ಕೈಯಲ್ಲಿಟ್ಟು ಹೋಗಿರಿ. ಓದು-ಬರಹ ಬಾರದವರ ಅರ್ಜಿಗಳನ್ನು ಬರೆದುಕೊಡಲು ತರುಣರು ಇಲ್ಲಿ ಎಡಗಡೆ ಕುಳಿತಿದ್ದಾರೆ. ಸಭೆ ಮುಗಿದೊಡನೆ ಅವರಲ್ಲಿಗೆ ಹೋಗಬೇಕು, ದೀಪವಿರುವವರೆಗೆ ಬರೆಯುತ್ತಾರೆ.