ಬ್ಯಾನರ್ ಮೇಲೆ ಆ ಹೆಸರು ಬೇಕಾ?

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಿಂದ ಮಾತಾಡ್ತಿದ್ದೀನಿ. ಹಿಂದೆ ಹಾರ್ಮೋನಿಯಂ ಕೇಳಿಸ್ತಿದ್ರೆ ಕ್ಷಮಿಸಿ, ನಮ್ಮ ರಸಮಂಜರಿಯ ತಾಲೀಮು ನಡೀತಿದೆ. ನಾನೂ ಎರಡು ಹಾಡು ಹಾಡ್ತೀನಿ.

ಈ ಸಲ ಕೂಡಿದ ದುಡ್ಡಲ್ಲಿ ಅರ್ಧ ಮೂರ್ಛೆ ರೋಗದ ಸಂಶೋಧನೆಗೆ, ಇನ್ನರ್ಧ ನಮ್ಮ ಸುತ್ತಲಿನ ರೋಗಿಗಳ ಬಸ್ ಚಾರ್ಜು, ಪರೀಕ್ಷೆಗಳಿಗೆ ಅಂತ ತೀರ್ಮಾನ ಆಯ್ತು. ದುಡ್ಡಿನ ಬಗ್ಗೆ ಯಾರದೂ ತಕರಾರಿಲ್ಲ. ಜಗಳ ಆಗಿದ್ದು ಬ್ಯಾನರ್‌ಗೆ. "ಬರೀ ಆರೋಗ್ಯ ಸಹಾಯಾರ್ಥ ಅಂತ ಹಾಕ್ರಿ. ಮೂರ್ಛೆ ರೋಗ ಅಂದ್ರ ಯಾರ ಮನ್ಯಾಗ ಐತಿ ಅಂತ ಜನ ಹುಡುಕ್ತಾರ" ಅಂದ್ರು ನಮ್ಮ ದೊಡ್ಡಪ್ಪ.

ಹುಡುಕಿದ್ರೆ ಸಿಗೋದು ನಾನೇ.

ನನಗೆ ಎಂಟು ವರ್ಷ. ಬಚ್ಚಲಲ್ಲಿ ಅವ್ವ ತಲೆ ಮೇಲೆ ಬಿಸಿನೀರು ಹಾಕ್ತಿದ್ದಂಗೆ ಬಿದ್ದೆ. ಕೈಗೆ ಕಬ್ಬಿಣದ ಕೀಲಿ ಕೊಟ್ರು, ಮೂಗಿಗೆ ಉಳ್ಳಾಗಡ್ಡಿ ಹಿಡಿದ್ರು, ಆಮೇಲೆ ತಾಯತ ಕಟ್ಟಿದ್ರು. ಬಚ್ಚಲಲ್ಲಿ ಗಾಳಿ ಇದೆ ಅಂತ ಸ್ನಾನದ ಜಾಗಾನೂ ಬದಲಾಯ್ತು! ವರ್ಷಗಳಾದ ಮೇಲೆ ದಾವಣಗೆರೆಯಲ್ಲಿ ಒಬ್ಬ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಷ್ಟು ಬಿಸಿ ಇರ್ತಿತ್ತು?"

ಬಿಸಿನೀರಿನಿಂದ ಬರೋ ಫಿಟ್ಸ್ ಅಂತಲೇ ಒಂದು ಬಗೆ ಇದೆ. ಕರ್ನಾಟಕದಲ್ಲಿ ಅದು ಹೆಚ್ಚಾಗಿ ಕಂಡಿದ್ದರಿಂದ ನಿಮ್ಹಾನ್ಸ್ ವೈದ್ಯರು ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ರು. ಅವರು ಬರೆದಿಡದೇ ಇದ್ದಿದ್ರೆ ಆ ಪ್ರಶ್ನೆ ನಮ್ಮ ಡಾಕ್ಟರಿಗೆ ಹೊಳೀತಿತ್ತೋ ಇಲ್ಲವೋ. ಮಾತ್ರೆ ಶುರುವಾಯ್ತು, ನೀರು ಉಗುರುಬೆಚ್ಚಗಾಯ್ತು. ಸಂಶೋಧನೆಗೆ ಯಾಕೆ ದುಡ್ಡು ಅಂತ ಕೇಳೋರಿಗೆ ನಾನು ಹೇಳೋದು ಇಷ್ಟೇ.

ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ್ರು. ಹಳ್ಳಿಯಲ್ಲಿ ಸಾವಿರಕ್ಕೆ ಸುಮಾರು 12 ಜನರಿಗೆ ಮೂರ್ಛೆ ರೋಗ, ನಗರದಲ್ಲಿ ಅದರ ಅರ್ಧ. ಐದು ಸಾವಿರ ಜನರ ಊರಿಗೆ ಲೆಕ್ಕ ಹಾಕಿ, 60 ಜನ. ನಮ್ಮೂರಲ್ಲಿ ಕೇಳಿದ್ರೆ ಒಬ್ಬರೂ ಇಲ್ಲ!

ಔಷಧಿ ದುಬಾರಿ ಅನ್ನೋ ಹಾಗೂ ಇಲ್ಲ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರು ಕಡೆಯ ಹಳ್ಳಿಗಳಲ್ಲಿ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ಬರುತ್ತೆ ಅಂತ ತೋರಿಸಿದ್ರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲೂ ಬಂತು. ಮಾತ್ರೆಗಿಂತ ಕಷ್ಟ, ಆಸ್ಪತ್ರೆ ಬಾಗಿಲಿಗೆ ಹೋಗಿ "ನನಗಿದೆ" ಅನ್ನೋದು.

ಅದಕ್ಕೇ ಹಾಡು. ಭಾಷಣ ಅಂದ್ರೆ ನಮ್ಮೂರಲ್ಲಿ ಹತ್ತು ಜನ, ರಸಮಂಜರಿ ಅಂದ್ರೆ ಇಡೀ ಊರು. ಇದೇನು ನಮ್ಮ ಹೊಸ ಐಡಿಯಾ ಅಲ್ಲ. ಹಡಗಲಿ ಆಚೆ ಹೊಳೆ ದಾಟಿದ್ರೆ ಗದಗ ಜಿಲ್ಲೆ. ಅಲ್ಲಿ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ರು. ಇಬ್ಬರಿಗೂ ಕಣ್ಣಿರಲಿಲ್ಲ. ಅವರು ಅದನ್ನ ಮುಚ್ಚಿಡಲಿಲ್ಲ.

ಹಾಡುಗಳ ನಡುವೆ ಎಲ್ಲರಿಗೂ ಹೇಳಬೇಕಾದ್ದು ಇದು: ಫಿಟ್ಸ್ ಬಂದವರನ್ನ ಒತ್ತಿ ಹಿಡೀಬೇಡಿ, ಬಾಯಿಗೆ ಏನೂ ತುರುಕಬೇಡಿ, ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ. ಸ್ಟೇಜ್ ಮೇಲೆ ಪಟಪಟ ಮಿನುಗೋ ಲೈಟ್ ಬೇಡ ಅಂದೆ, ಕೆಲವರಿಗೆ ಅದರಿಂದಲೂ ಫಿಟ್ಸ್ ಬರುತ್ತೆ. ಹುಡುಗರು ಮುಖ ಸಿಂಡರಿಸಿದ್ರು, ಆದ್ರೂ ತೆಗೆದ್ರು.

ದೊಡ್ಡಪ್ಪನ ಚಿಂತೆ ನನ್ನ ಮದುವೆದು. ಹಿಂದೂ ವಿವಾಹ ಕಾಯ್ದೆಯಲ್ಲೇ ಮೂರ್ಛೆ ರೋಗವನ್ನ ಮದುವೆಗೆ ಅಡ್ಡಿ ಅಂತ ಬರೆದಿತ್ತು. 1999ರಲ್ಲಿ ತೆಗೆದುಹಾಕಿದ್ರು. ಕಾಯ್ದೆಯಿಂದ ಹೋಯ್ತು, ದೊಡ್ಡಪ್ಪನ ತಲೆಯಿಂದ ಹೋಗಿಲ್ಲ. ಸಿಟ್ಟು ಬರುತ್ತೆ, ಆದ್ರೆ ಬಿದ್ದಾಗೆಲ್ಲ ನನ್ನ ಎತ್ತಿಕೊಂಡು ಓಡಿದ್ದೂ ಅವರೇ.

ನಿನ್ನೆ ರಾತ್ರಿ ಬಂದು ಕೇಳಿದ್ರು, "ಸ್ಟೇಜ್ ಮ್ಯಾಲೆ ಎಷ್ಟೊತ್ತು ಮಾತಾಡ್ತಿ?"

"ಐದು ನಿಮಿಷ, ದೊಡ್ಡಪ್ಪಾ."

"ಮೂರು ಸಾಕು" ಅಂದು ಹೋದ್ರು. ಬ್ಯಾನರ್‌ನವನಿಗೆ ಈಗ ಫೋನ್ ಮಾಡಬೇಕು.