ಬ್ರೇಕ್ ಫೇಲ್ ಅನ್ನೋ ಮೊದಲು

ಈ ಕುರ್ಚಿಯಲ್ಲಿ ಕೂತು ಒಂದು ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ‘ಬ್ರೇಕ್ ಫೇಲ್ ಆಗಿ ಚಾಲಕನ ನಿಯಂತ್ರಣ ತಪ್ಪಿದ ಕಾರು’ ಅಂತ ಶುರುವಾಗೋ ಸಾಲು ಅದು. ಪರದೆಯ ಮೇಲೆ ನುಜ್ಜುಗುಜ್ಜಾದ ಕಾರು, ಕೆಳಗೆ ಓಡೋ ಕೆಂಪು ಪಟ್ಟಿ. ನಾನು ಓದ್ತೀನಿ, ನೀವು ‘ಅಯ್ಯೋ ಪಾಪ’ ಅಂತೀರಿ, ಮುಂದಿನ ಸುದ್ದಿಗೆ ಹೋಗ್ತೀವಿ. ಬ್ರೇಕ್ ಫೇಲ್ ಆಯ್ತಂತೆ, ಯಾರೇನು ಮಾಡೋಕಾಗುತ್ತೆ? ಸಿಡಿಲು ಬಡಿದ ಹಾಗೆ, ಹಣೆಬರಹ ಅಂತ ಸುಮ್ಮನಾಗ್ತೀವಿ.

ಇವತ್ತು ಆ ಸಾಲಿನ ಬಗ್ಗೆಯೇ ಮಾತಾಡಬೇಕು. ಯಾಕಂದ್ರೆ ಇತ್ತೀಚೆಗೆ ಆ ಸಾಲಿನೊಳಗೆ ನಾನೇ ಇರಬೇಕಾಗಿತ್ತು.

ಹಬ್ಬಕ್ಕೆ ದಾವಣಗೆರೆಗೆ ಹೋಗಿದ್ದೆ. ಅಪ್ಪನ ಹಳೇ ಕಾರು ಮನೆ ಮುಂದೆ ನಿಂತಿತ್ತು. ‘ಬ್ರೇಕಿನ ಕೆಂಪು ದೀಪ ತಿರುವಿನಾಗೆ ಒಂದೊಂದು ಸಲ ಮಿಣುಕ್ತೈತಿ ನೋಡಪ್ಪ’ ಅಂದರು ಅಪ್ಪ. ಬಾನೆಟ್ ಎತ್ತಿ ನೋಡಿದೆ. ಬ್ರೇಕ್ ಎಣ್ಣೆ ಕನಿಷ್ಠ ಗೆರೆಗಿಂತ ಕೆಳಗಿತ್ತು. ಹತ್ತಿರದ ಗ್ಯಾರೇಜಿನಲ್ಲಿ ಎಣ್ಣೆ ತುಂಬಿಸಿದರು, ದೀಪ ಆರಿತು. ನಾಲ್ಕು ದಿನಕ್ಕೆ ಮತ್ತೆ ಮಿಣುಕಿತು. ಮತ್ತೆ ತುಂಬಿಸಿದೆ. ನಾನು ಎಂಜಿನಿಯರಿಂಗ್ ಓದಿದವನು ಸ್ವಾಮಿ! ಪರೀಕ್ಷೆಯಲ್ಲಿ ಬ್ರೇಕಿನ ಚಿತ್ರ ಬರೆದು ಅಂಕ ತಗೊಂಡವನು. ಎಣ್ಣೆ ಎಲ್ಲಿ ಹೋಯ್ತು ಅಂತ ಒಂದು ಪ್ರಶ್ನೆ ಕೇಳಲಿಲ್ಲ.

ಮಾರನೇ ದಿನ ಅಮ್ಮನನ್ನು ಕೂರಿಸಿಕೊಂಡು ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರದ ಹರಿಹರೇಶ್ವರನ ಗುಡಿಗೆ ಹೊರಟೆ. ಹದಿನಾಲ್ಕು ಕಿಲೋಮೀಟರ್ ದಾರಿ. ಹರಿಹರ ಇನ್ನೇನು ಬಂತು ಅನ್ನುವಾಗ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ಪಕ್ಕದ ದಾರಿಯಿಂದ ರಸ್ತೆಗೆ ಬಂತು. ಬ್ರೇಕ್ ಒತ್ತಿದೆ. ಪೆಡಲ್ ಮುಕ್ಕಾಲು ಪಾಲು ಒಳಗೆ ಹೋಯ್ತು, ಕಾಲ ಕೆಳಗೆ ಏನೂ ಇಲ್ಲ. ತುದಿಗೆ ಬಂದಾಗ ಅರೆಬರೆ ಹಿಡೀತು, ಕಾರು ಒಂದು ಕಡೆಗೆ ಎಳೀತು. ಹ್ಯಾಂಡ್‌ಬ್ರೇಕ್ ಎತ್ತಿ, ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿದೆ. ಟ್ರೇಲರಿನ ಹಿಂಬದಿಗೂ ನಮಗೂ ಮೂರು ಅಡಿ ಉಳಿದಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ಹೂವಿನ ಬುಟ್ಟಿ ಮಾತ್ರ ಕೆಳಗೆ ಚೆಲ್ಲಿತ್ತು.

ಆ ಅರೆಬರೆ ಬ್ರೇಕಾದರೂ ಯಾಕೆ ಉಳಿದಿತ್ತು? ಅದು ಅರ್ಥ ಆಗಬೇಕಾದ್ರೆ ಬ್ರೇಕ್ ಹೇಗೆ ಕೆಲಸ ಮಾಡುತ್ತೆ ಅಂತ ಎರಡು ನಿಮಿಷ ಕೇಳಿ.

ನಿಮ್ಮ ಕಾಲಿಗೂ ಚಕ್ರಕ್ಕೂ ನಡುವೆ ಸರಪಳಿ, ತಂತಿ ಏನೂ ಇಲ್ಲ. ಇರೋದು ಎಣ್ಣೆ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದ್ರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತೆ ಅಂತ 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ್ದ. ಶಾಲೇಲಿ ಓದಿದ್ದೀವಿ, ಮರೆತಿದ್ದೀವಿ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತೆ. ಆ ಒತ್ತಡ ಕೊಳವೆಗಳಲ್ಲಿ ಹೋಗಿ ಮುಂದಿನ ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡ್‌ಗಳು ಹಿಚುಕೋ ಹಾಗೆ ಮಾಡುತ್ತೆ. ಹಿಂದಿನ ಡ್ರಮ್ಮಿನೊಳಗೆ ಲೈನಿಂಗ್ ಅಂಟಿಸಿದ ಶೂಗಳನ್ನು ಅಗಲಿಸುತ್ತೆ. ನಿಮ್ಮ ಕಾಲಿನ ಬಲ ಸಾಲದು ಅಂತ ಮಧ್ಯದಲ್ಲಿ ಬೂಸ್ಟರ್ ಅನ್ನೋ ಡಬ್ಬ ಇದೆ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಅದು ಎಂಜಿನ್ ಹೀರೋ ಗಾಳಿಯ ನಿರ್ವಾತದಿಂದ ಕೆಲಸ ಮಾಡುತ್ತೆ.

ಎಣ್ಣೆಯ ದಾರಿ ಒಂದೇ ಇದ್ದಿದ್ರೆ ಎಲ್ಲಿ ಸೋರಿದ್ರೂ ನಾಲ್ಕೂ ಚಕ್ರದ ಬ್ರೇಕ್ ಹೋಗ್ತಿತ್ತು. ಅದಕ್ಕೇ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಕೋಣೆ ಮಾಡಿದ್ದಾರೆ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಕೋಣೆ ಮುಂದಿನ ಬಲ ಮತ್ತು ಹಿಂದಿನ ಎಡ ಚಕ್ರಕ್ಕೆ, ಇನ್ನೊಂದು ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಕ್ಕೆ. ಒಂದು ದಾರಿ ಸೋರಿಹೋದ್ರೆ ಪೆಡಲ್ ಆಳಕ್ಕೆ ಹೋಗುತ್ತೆ, ಆದರೆ ಇನ್ನೊಂದು ಉಳಿಯುತ್ತೆ. ನಮ್ಮ ಅಮ್ಮನನ್ನು ಉಳಿಸಿದ್ದು ಆ ಎರಡನೇ ಕೋಣೆ. ನನ್ನ ಡಿಗ್ರಿ ಅಲ್ಲ.

ಕಾರನ್ನು ಎಳಿಸಿಕೊಂಡು ಹರಿಹರದ ಒಂದು ವರ್ಕ್‌ಶಾಪಿಗೆ ಹೋದೆವು. ಸಣ್ಣ ಶೆಡ್, ಒಂದು ಮೂಲೆಯಲ್ಲಿ ಹಳೇ ಲೇತ್. ಅದರ ಮೈಮೇಲೆ ಎರಕದಲ್ಲೇ ಮೂಡಿದ ಅಕ್ಷರ: ಕಿರ್ಲೋಸ್ಕರ್. ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1941ರಲ್ಲಿ, ಇದೇ ಹರಿಹರದಲ್ಲಿ. ಇಲ್ಲಿ ತಯಾರಾದ ಲೇತ್‌ಗಳು ದೇಶದ ಎಷ್ಟೋ ಕಾಲೇಜು, ಐಟಿಐ, ವರ್ಕ್‌ಶಾಪು ಸೇರಿದವು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು. ಆದರೆ ಆ ಶೆಡ್ಡಿನ ಲೇತ್ ಇವತ್ತಿಗೂ ತಿರುಗ್ತಿದೆ.

ಮೇಸ್ತ್ರಿ ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು. ‘ಎಣ್ಣಿ ಎಷ್ಟ್ ಸಲ ಹಾಕ್ಸಿದ್ರಿ ಸಾರ್?’ ಎರಡು ಸಲ ಅಂದೆ. ‘ಬ್ರೇಕ್ ಎಣ್ಣಿ ಖರ್ಚಾಗೋ ಸಾಮಾನಲ್ಲ. ಕಡಿಮಿ ಆತು ಅಂದ್ರ ಪ್ಯಾಡ್ ಸವದಾವು, ಇಲ್ಲಾ ಎಲ್ಲೋ ಸೋರೇತಿ. ಎರಡರಾಗ ಒಂದು.’ ನಾಲ್ಕು ವರ್ಷದ ಕೋರ್ಸಿನಲ್ಲಿ ನನಗೆ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.

ಪ್ಯಾಡ್ ಸವೆದ ಹಾಗೆ ಪಿಸ್ಟನ್ ಹೊರಗೆ ಬರುತ್ತೆ, ಆ ಜಾಗ ತುಂಬೋಕೆ ಎಣ್ಣೆ ಇಳಿಯುತ್ತೆ. ಅದು ತಿಂಗಳುಗಟ್ಟಲೆ ನಡೆಯೋ ನಿಧಾನದ ಕೆಲಸ. ನಾಲ್ಕು ದಿನಕ್ಕೆ ಇಳಿದ್ರೆ ಸೋರಿಕೆ. ಹಿಂದಿನ ಎಡ ಚಕ್ರ ಬಿಚ್ಚಿದರು. ಡ್ರಮ್ಮಿನೊಳಗಿನ ವೀಲ್ ಸಿಲಿಂಡರಿನ ರಬ್ಬರ್ ಹೋಗಿತ್ತು. ಎಣ್ಣೆ ಲೈನಿಂಗಿಗೆ ಕುಡಿದು, ಒಳಗೆಲ್ಲ ಕಪ್ಪು ಕೆಸರು. ಹೊರಗಿನಿಂದ ಒಂದು ಹನಿಯೂ ಕಾಣ್ತಿರಲಿಲ್ಲ. ಹೊಸ ಸಿಲಿಂಡರ್ ಹಾಕಿದರು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕೋದು ಬೇಡ, ಎರಡೂ ಕಡೆ ಹೊಸದೇ ಬೇಕು ಅಂದರು. ಡ್ರಮ್ಮಿನ ಒಳಮೈ ಅಳೆದರು. ಇದಕ್ಕಿಂತ ದೊಡ್ಡದಾದ್ರೆ ಬಳಸಬೇಡಿ ಅನ್ನೋ ಅಳತೆ ಡ್ರಮ್ಮಿನ ಮೇಲೇ ಇರುತ್ತೆ. ಅದರೊಳಗೇ ಇತ್ತು. ಎರಡೂ ಡ್ರಮ್ಮನ್ನು ಲೇತಿಗೆ ಏರಿಸಿ, ತೆಳುವಾಗಿ ಒಂದು ಪದರ ಕೆರೆದು ಸಮ ಮಾಡಿದರು. ಕೊನೆಗೆ ಕೊಳವೆಯೊಳಗಿನ ಗಾಳಿಯನ್ನೆಲ್ಲ ಗುಳ್ಳೆ ನಿಲ್ಲೋ ತನಕ ಹೊರಗೆ ತೆಗೆದರು.

ಕೆಲಸ ಮಾಡ್ತಾ ಮಾಡ್ತಾ ಅವರು ಹೇಳಿದ್ದನ್ನು ನಿಮಗೂ ಹೇಳ್ತೀನಿ. ಬ್ರೇಕಿಗೂ ಒಂದು ಭಾಷೆ ಇದೆ.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾದ್ರೆ ಎಣ್ಣೆಯಲ್ಲಿ ಗಾಳಿ ಸೇರಿರಬಹುದು. ಎಣ್ಣೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಕಾಲಿಟ್ಟು ಹಿಡಿದಾಗ ಪೆಡಲ್ ಮೆಲ್ಲಗೆ ಕೆಳಗೆ ಜಾರಿದ್ರೆ ಎಲ್ಲೋ ಸೋರಿಕೆ, ಇಲ್ಲಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದ್ರೆ ಬೂಸ್ಟರ್ ಅಥವಾ ಅದರ ಕೊಳವೆ ನೋಡಿಸಿ. ಬ್ರೇಕ್ ಹಾಕಿದಾಗ ಕಾರು ಒಂದೇ ಕಡೆ ಎಳೆದ್ರೆ ಯಾವುದೋ ಚಕ್ರದ ಕ್ಯಾಲಿಪರ್ ಕಚ್ಚಿಕೊಂಡಿರಬಹುದು, ಲೈನಿಂಗಿಗೆ ಎಣ್ಣೆ ತಗುಲಿರಬಹುದು. ಪೆಡಲ್ ಅದುರಿದ್ರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ. ಕೀರಲು ಸದ್ದು ಬಂದ್ರೆ ಪ್ಯಾಡ್ ಮುಗೀತಾ ಬಂದಿರಬಹುದು. ಕೆಲವು ಪ್ಯಾಡ್‌ಗಳಲ್ಲಿ ಸವೆದಾಗ ಕಿರುಚಲಿ ಅಂತಲೇ ಒಂದು ಲೋಹದ ಪಟ್ಟಿ ಇಟ್ಟಿರ್ತಾರೆ. ಗರಗರ ಸದ್ದು ಬಂತಾ? ಲೋಹಕ್ಕೆ ಲೋಹ ಉಜ್ಜುತ್ತಿದೆ, ಅಲ್ಲೇ ಗಾಡಿ ನಿಲ್ಲಿಸಿ.

ದೀಪದ ಬಗ್ಗೆಯೂ ಗೊಂದಲ ಬೇಡ. ಹಳದಿ ಎಬಿಎಸ್ ದೀಪ ಹತ್ತಿದ್ರೆ ಸಾಮಾನ್ಯ ಬ್ರೇಕ್ ಇರುತ್ತೆ, ಚಕ್ರ ಜಾರದಂತೆ ತಡೆಯೋ ವ್ಯವಸ್ಥೆ ಕೈಕೊಟ್ಟಿರುತ್ತೆ. ನಮ್ಮ ದೇಶದ ಹೊಸ ಕಾರುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಕೆಂಪು ದೀಪ ಹಾಗಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ದೀಪ ಉಳಿದ್ರೆ ಮುಂದೆ ಹೋಗಬೇಡಿ.

ಇನ್ನೊಂದು ಮಾತು. ದಾವಣಗೆರೆ ಕಡೆಯವರು ಕುಟುಂಬ ಸಮೇತ ಉಡುಪಿ, ಧರ್ಮಸ್ಥಳ ಅಂತ ಹೊರಡ್ತೀವಿ. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ, ಹದಿನಾಲ್ಕು ತಿರುವು. ಇಳಿಜಾರು ತಾನೇ ಅಂತ ನ್ಯೂಟ್ರಲ್‌ಗೆ ಹಾಕಿ, ಪೆಟ್ರೋಲ್ ಉಳಿಸೋಕೆ ಎಂಜಿನ್ ಆಫ್ ಮಾಡೋ ಮಹಾನುಭಾವರಿದ್ದಾರೆ. ಎಂಜಿನ್ ನಿಂತ ಮೇಲೆ ಬೂಸ್ಟರಿನ ನೆರವು ಎರಡು ಮೂರು ಸಲ ಒತ್ತೋದ್ರೊಳಗೆ ಮುಗಿಯುತ್ತೆ.

ಬ್ರೇಕ್ ಮಾಡೋದು ಒಂದೇ ಕೆಲಸ: ಓಟವನ್ನು ಬಿಸಿಯಾಗಿ ಬದಲಾಯಿಸೋದು. ಒಂದು ಟನ್ ತೂಕದ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದ್ರೆ ಹುಟ್ಟೋ ಶಾಖದಲ್ಲಿ ಒಂದು ಲೀಟರ್ ನೀರು ಕುದಿಯುತ್ತೆ. ಘಾಟಿಯುದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಇಳಿದ್ರೆ? ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಎಣ್ಣೆ ಕುದ್ದು ಆವಿಯಾದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ. ತಣ್ಣಗಾದ ಮೇಲೆ ಬ್ರೇಕ್ ಮತ್ತೆ ಸರಿಯಾದಂತೆ ಕಾಣುತ್ತೆ. ಅದಕ್ಕೇ ಘಾಟಿ ಇಳಿಯುವಾಗ ಎರಡನೇ ಗೇರ್, ಬೇಕಾದ್ರೆ ಒಂದನೇ ಗೇರ್. ಎಣ್ಣೆಯನ್ನು ಕಾರಿನ ಪುಸ್ತಕ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಪೂರ್ತಿ ಬದಲಾಯಿಸಿ.

ಇಷ್ಟೆಲ್ಲ ಸರಿಯಿದ್ರೂ ಲೆಕ್ಕ ಲೆಕ್ಕವೇ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ 100ರ ವೇಗದಲ್ಲಿದ್ರೆ, ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿನಲ್ಲೇ 28 ಮೀಟರ್ ಹೋಗಿರ್ತೀರಿ. ಒಣ ರಸ್ತೆಯಲ್ಲಿ ನಿಲ್ಲೋಕೆ ಮತ್ತೆ 55 ಮೀಟರಿನಷ್ಟು ಬೇಕು. ಒದ್ದೆ ರಸ್ತೆಯಲ್ಲಿ ಅದು ನೂರರ ಹತ್ತಿರ ಹೋಗಬಹುದು. ಇದು ಪೂರ್ತಿ ಬ್ರೇಕ್ ಇದ್ದಾಗಿನ ಮಾತು. ನನ್ನ ಹತ್ತಿರ ಅವತ್ತು ಇದ್ದದ್ದು ಅರ್ಧ.

ಈಗ ನಮ್ಮ ಕಸುಬಿಗೆ ಬರ್ತೀನಿ. ಪ್ರಾಣಹಾನಿ ಆದ ಅಪಘಾತದಲ್ಲಿ ಪೊಲೀಸರು ಆ ವಾಹನವನ್ನು ಮೋಟಾರು ವಾಹನ ನಿರೀಕ್ಷಕರಿಂದ ಪರೀಕ್ಷೆ ಮಾಡಿಸ್ತಾರೆ. ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೋ ಅಲ್ಲವೋ ಅಂತ ಅವರು ವರದಿ ಕೊಡ್ತಾರೆ. ‘ಬ್ರೇಕ್ ಫೇಲ್’ ಅಂತ ನಾವು ಅರ್ಧ ಗಂಟೆಯಲ್ಲಿ ಹೇಳಿಬಿಡ್ತೀವಿ. ಆ ವರದಿ ಬರೋ ಹೊತ್ತಿಗೆ ನಾವೂ ಮರೆತಿರ್ತೀವಿ, ನೀವೂ ಮರೆತಿರ್ತೀರಿ. ಅದರಲ್ಲಿ ಬ್ರೇಕ್ ಸರಿಯಿತ್ತು ಅಂತ ಬರೆದಿದ್ರೆ? ಆ ಮಾತನ್ನು ಎಂದಾದರೂ ಓದಿದ್ದೀನಾ? ಇಲ್ಲ. ನಿಜವಾಗಿಯೂ ಬ್ರೇಕೇ ಹೋಗಿದ್ರೆ, ಹೋಗೋ ಮೊದಲು ಅದು ಎಷ್ಟು ದಿನ ಮಿಣುಕಿತ್ತು, ಕಿರುಚಿತ್ತು, ಜಾರಿತ್ತು ಅಂತ ಕೇಳಿದ್ದೀನಾ? ಅದೂ ಇಲ್ಲ.

ಅವತ್ತು ಆ ಮೂರು ಅಡಿ ಇರದೇ ಹೋಗಿದ್ರೆ ನನ್ನ ಸಹೋದ್ಯೋಗಿ ಯಾರೋ ಇದೇ ಕುರ್ಚಿಯಲ್ಲಿ ಕೂತು ‘ಬ್ರೇಕ್ ಫೇಲ್’ ಅಂತ ಓದ್ತಿದ್ರು. ಅದು ಅರ್ಧ ಸತ್ಯ ಆಗ್ತಿತ್ತು. ಬ್ರೇಕ್ ಎರಡು ಸಲ ಹೇಳಿತ್ತು. ಫೇಲ್ ಆಗಿದ್ದು ನಾನು.

ಹಾಗಾಗಿ ನಾನು ಒಂದು ತೀರ್ಮಾನ ಮಾಡಿದ್ದೀನಿ. ವರದಿ ಬರೋ ತನಕ ಈ ಕುರ್ಚಿಯಿಂದ ಆ ಎರಡು ಪದ ಓದಲ್ಲ.

ನೀವು ಮಾಡಬೇಕಾದ್ದು ನಾಳೆ ಬೆಳಿಗ್ಗೆ ಎರಡು ನಿಮಿಷದ ಕೆಲಸ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಅದು ಗಟ್ಟಿಯಾಗುತ್ತೆ. ಆಮೇಲೆ ಒತ್ತಿ ಹಿಡಿದು ಅರ್ಧ ನಿಮಿಷ ಕಾಯಿರಿ. ಜಾರಿದ್ರೆ ಗಾಡಿ ಹೊರಗೆ ತೆಗೀಬೇಡಿ, ಮೇಸ್ತ್ರಿಯನ್ನು ಮನೆಗೆ ಕರೆಸಿ. ಜಾರದಿದ್ರೆ ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದ್ರೆ ಬೂಸ್ಟರ್ ಕೆಲಸ ಮಾಡ್ತಿದೆ. ಇಳಿಯದಿದ್ರೆ ತೋರಿಸಿ. ಕೊನೆಗೆ ಬಾನೆಟ್ ಎತ್ತಿ ಎಣ್ಣೆ ಎಲ್ಲಿದೆ ನೋಡಿ. ಕಡಿಮೆ ಇದ್ರೆ ತುಂಬಿಸಿ ಸುಮ್ಮನಾಗಬೇಡಿ. ಎಲ್ಲಿ ಹೋಯ್ತು ಅಂತ ಕೇಳಿ.