ಖಾಲಿ ಕುಳಿಯ ಪಾಠ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಎಂದರೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ಅಲ್ಲಿ ಅರೆಯುವ ಒಂದು ಕಬ್ಬಿನ ಜಲ್ಲೆಯಲ್ಲಿ ಬೆಳೆದವನಿಗೆ, ಸಾಗಿಸಿದವನಿಗೆ, ಕಡಿದು ಹೊರೆ ಕಟ್ಟಿದ ಕೂಲಿಯವಳಿಗೆ, ಎಲ್ಲರಿಗೂ ಪಾಲುಂಟು. ಪಾಲಿನ ಅಳತೆ ಮಾತ್ರ ಒಂದೇ ಅಲ್ಲ. ಈ ಮೂರು ಮನೆಯ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂರಬಹುದಾದ ಸೀಮೆ ಇದು. ಇಲ್ಲಿ ಆರು, ಏಳು, ಎಂಟನೇ ತರಗತಿಗೆ ಲೋಕದ ಬಡತನವನ್ನು ಕಲಿಸುವುದು ಹೇಗೆ? ಓದಿಸಿದರೆ ಸಾಲದು, ಆಡಿಸಿ ಕಲಿಸಬೇಕು ಎಂಬ ವಿಚಾರಕ್ಕೆ ಅರ್ಧ ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದನ್ನು ನೋಡಿದರೆ ಯಾವ ಆಟ ಬೇಕು, ಯಾವುದು ಬೇಡ ಎಂಬುದೂ ತಿಳಿಯುತ್ತದೆ.

1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, ಅಮೆರಿಕದ ಅಯೋವಾ ರಾಜ್ಯದ ಶಿಕ್ಷಕಿ ಜೇನ್ ಎಲಿಯಟ್ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳೆಂದು ವಿಂಗಡಿಸಿದರು. ಮರುವರ್ಷ ಗ್ಯಾರಿ ಶರ್ಟ್ಸ್ 'ಸ್ಟಾರ್‌ಪವರ್' ಎಂಬ ಆಟ ರೂಪಿಸಿದರು. ಅದರಲ್ಲಿ ಬಿಲ್ಲೆಗಳ ವ್ಯಾಪಾರ ನಡೆಯುತ್ತದೆ. ಶುರುವಿನಲ್ಲೇ ಕೆಲವರ ಕೈಗೆ ಬೆಲೆಬಾಳುವ ಬಿಲ್ಲೆ ಹೆಚ್ಚು ಬಿದ್ದಿರುತ್ತದೆ, ಆದರೆ ಅದು ಆಡುವವರಿಗೆ ಗೊತ್ತಿರುವುದಿಲ್ಲ. ಮುಂದಾದವರಿಗೆ ಆಮೇಲೆ ಆಟದ ಕಟ್ಟಳೆ ಬದಲಿಸುವ ಅಧಿಕಾರವೂ ಸಿಗುತ್ತದೆ. 1970ರ ದಶಕದಲ್ಲಿ ಆಕ್ಸ್‌ಫ್ಯಾಮ್ ಅಮೆರಿಕ ಎಂಬ ನೆರವಿನ ಸಂಸ್ಥೆಯವರ ಉಪವಾಸ ಕಾರ್ಯಕ್ರಮ ಆರಂಭವಾಗಿ, ಅದೇ ಹಾದಿಯಲ್ಲಿ 'ಹಸಿವಿನ ಔತಣ' ಬಂತು. ಚೀಟಿ ಎತ್ತಿದ ಪ್ರಕಾರ ಕೆಲವರಿಗೆ ಪೂರ್ತಿ ಊಟ, ಬಹುಪಾಲು ಜನರಿಗೆ ನೆಲದ ಮೇಲೆ ಕೂತು ಬರಿ ಅನ್ನ. ಹೀಗೆ ಎರಡು ದಾರಿ ಏರ್ಪಟ್ಟವು: ಬಡವನ ಪಾಡನ್ನು ಮೈಮೇಲೆ ತಂದುಕೊಳ್ಳುವುದು ಒಂದು, ಬಡತನ ಹುಟ್ಟಿಸುವ ಕಟ್ಟಳೆಯನ್ನು ಆಡಿ ನೋಡುವುದು ಇನ್ನೊಂದು. ಮಕ್ಕಳಿಗೆ ಎರಡನೆಯದೇ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಆಧಾರವುಂಟು. 2011ರಲ್ಲಿ ಅಮೆರಿಕದಲ್ಲಿ 'ಸ್ಪೆಂಟ್' ಎಂಬ ಕಂಪ್ಯೂಟರ್ ಆಟ ಬಂತು. ಕೈಯಲ್ಲಿ ಅಲ್ಪ ಹಣ, ಮುಂದೆ ಒಂದು ತಿಂಗಳ ಬದುಕು. ಬಾಡಿಗೆಯೋ ಔಷಧಿಯೋ ಎಂದು ಹೆಜ್ಜೆಹೆಜ್ಜೆಗೂ ಆರಿಸಬೇಕು. ಆಡಿದವರಲ್ಲಿ ಬಡವರ ಬಗ್ಗೆ ಕನಿಕರ ಬೆಳೆಯುವುದೇ ಎಂದು ಯೇಲ್ ವಿಶ್ವವಿದ್ಯಾಲಯದ ಜೀನಾ ರೂಸೋಸ್ ಮತ್ತು ಜಾನ್ ಡೊವಿಡಿಯೊ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಕನಿಕರ ಬೆಳೆಯಲಿಲ್ಲ, ಕೆಲವರಲ್ಲಿ ಅಸಡ್ಡೆ ಹೆಚ್ಚಿತು. ಪ್ರತಿ ತೀರ್ಮಾನವೂ ತಮ್ಮ ಬೆರಳ ತುದಿಯಲ್ಲೇ ಇದ್ದುದರಿಂದ, ಬಡವನೂ ಜಾಣತನದಿಂದ ಆರಿಸಿದ್ದರೆ ಬಚಾವಾಗುತ್ತಿದ್ದ ಎನ್ನಿಸಿಬಿಟ್ಟಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಆಟ ತಿರುಗುಬಾಣವಾಯಿತು. ಬಡತನವೆಂದರೆ ಆಯ್ಕೆಯ ತಪ್ಪಲ್ಲ, ಆಯ್ಕೆಗಳೇ ಒಂದೊಂದಾಗಿ ಮುಚ್ಚಿಹೋಗುವುದು ಎಂಬುದನ್ನು ಆ ಆಟ ಕಾಣಿಸಲಾರದೆ ಹೋಯಿತು.

ನಮ್ಮ ಶಾಲೆಗಳಿಗೂ ಆಡಿ ಕಲಿಯುವುದು ಹೊಸದಲ್ಲ. ಮಕ್ಕಳ ಸಂತೆ, ಮೆಟ್ರಿಕ್ ಮೇಳ ಎಷ್ಟೋ ಊರುಗಳಲ್ಲಿ ನಡೆಯುತ್ತವೆ. ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ ಮುಂದಿಟ್ಟುಕೊಂಡು ಕೂಗಿ ಮಾರಿ ಸಂಜೆ ಲೆಕ್ಕ ಹಾಕುವ ಮಗುವಿನ ಹುರುಪು ನಿಜವಾದದ್ದೇ. ಆದರೆ ಆ ಸಂತೆಯಲ್ಲಿ ಸಾಲವಿಲ್ಲ, ಬಡ್ಡಿಯಿಲ್ಲ, ಬೆಳೆ ನಿಲ್ಲುವ ಮೊದಲೇ ಪಡೆದ ಮುಂಗಡವಿಲ್ಲ. ಅವನ್ನು ಸೇರಿಸಿಕೊಳ್ಳಲು ಬೇಕಾದ ಸಾಮಗ್ರಿ ಮಂಡ್ಯ ಜಿಲ್ಲೆಯಲ್ಲೇ ಇದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಇಲ್ಲಿನ ಎರಡು ಹಳ್ಳಿಗಳನ್ನು, ಹೆಸರು ಬದಲಿಸಿ, ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಹರಿದಿತ್ತು. ಇನ್ನೊಂದರ ಜಮೀನು ನಾಲೆಗಿಂತ ಎತ್ತರದಲ್ಲಿದ್ದು ಒಣಗೇ ಉಳಿದಿತ್ತು. ನೀರು ಬಂದ ಊರು ಕಬ್ಬು ಭತ್ತಕ್ಕೆ ಅಂಟಿಕೊಂಡಿತು. ಬಾರದ ಊರಿನವರು ಗಾಡಿ ಬಾಡಿಗೆ, ಪೇಟೆಯ ಕೆಲಸ ಎಂದು ಹೊರಗೆ ಕೈಚಾಚಿದರು. 1970ರಲ್ಲಿ ಎಪ್‌ಸ್ಟೈನ್ ಮರಳಿ ಬಂದಾಗ ಊರುಗಳು ಏಳಿಗೆ ಕಂಡಿದ್ದವು, ಉಳ್ಳವರ ಮತ್ತು ಇಲ್ಲದವರ ನಡುವಿನ ಅಂತರವೂ ಹಿಗ್ಗಿತ್ತು. ತರಗತಿಯನ್ನು ಎರಡು ಊರು ಮಾಡಿ, ಒಂದಕ್ಕೆ ನಾಲೆ ಕೊಟ್ಟು, ಆರು ಬೆಳೆಯ ಕಾಲ ಆಡಿಸಿದರೆ ಲೋಕದ ಎಷ್ಟೋ ದೇಶಗಳ ಕಥೆ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಆಕ್ಷೇಪ ಬರುವುದು ಸಹಜ. ಮನೆಯಲ್ಲಿ ಕಷ್ಟ ಉಂಡ ಮಗುವಿಗೆ ಶಾಲೆಯಲ್ಲೂ ಅದನ್ನೇ ಆಡಿಸುವುದು ಗಾಯಕ್ಕೆ ಉಪ್ಪು ಸವರಿದಂತಲ್ಲವೇ? ಹಸಿವಿನ ಔತಣದ ಮಟ್ಟಿಗೆ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಸಿದು ಬಂದ ಮಗುವಿನ ಎದುರು ಹಸಿವಿನ ನಾಟಕ ಸಲ್ಲದು. ಇನ್ನೊಂದು ಎಚ್ಚರವೂ ಬೇಕು. 1989ರ ಸುಮಾರಿಗೆ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸುವ ವಿಧಾನವನ್ನು ಬಳಕೆಗೆ ತಂದವು. ಇಂಥ ವಿಧಾನಗಳಲ್ಲಿ ಮನೆಗಳನ್ನು ಸ್ಥಿತಿವಂತಿಕೆಯ ಮೇಲೆ ವಿಂಗಡಿಸುವುದೂ ಉಂಟು. ಹಿರಿಯರಿಗೆ ಅದು ಯೋಜನೆಯ ಸಾಧನ. ತರಗತಿಯಲ್ಲಿ ಹಾಗೆ ಮಾಡಿದರೆ ಒಂದು ಮಗುವಿನ ಮನೆಯನ್ನು ಎಲ್ಲರೆದುರು ಬಯಲಿಗಿಟ್ಟಂತೆ. ಅದಕ್ಕೇ ಕಟ್ಟಳೆಯನ್ನು ಆಡಬೇಕು ಎನ್ನುವುದು. ಅಲ್ಲಿ ಯಾರ ಮನೆಯ ಹೆಸರೂ ಬೇಡ, ಬಡವನ ವೇಷವೂ ಬೇಡ. ಕೂಲಿಯವಳ ಮಗಳು ಜಮೀನ್ದಾರಳಾಗಿ ಗೆಲ್ಲಬಹುದು, ಉಳ್ಳವರ ಮಗ ಒಂದೂ ತಪ್ಪು ಮಾಡದೆ ಸೋಲಬಹುದು. ಆಡಿದಷ್ಟೇ ಹೊತ್ತು ಕೂತು ಮಾತಾಡುವುದಕ್ಕೂ ಬೇಕು. ಅದನ್ನು ಬಿಟ್ಟರೆ ಉಳಿಯುವುದು ಗೆದ್ದವರ ಕೇಕೆ ಮಾತ್ರ.

ಸಲಕರಣೆಗೆ ದುಡ್ಡೆಲ್ಲಿ ಎನ್ನುವವರಿಗೆ ಅಜ್ಜಿಯರ ಅಳಗುಳಿಮಣೆಯನ್ನು ತೋರಿಸುತ್ತೇನೆ. ಎರಡು ಸಾಲು, ಸಾಲಿಗೆ ಏಳು ಕುಳಿ, ಒಂದು ಹಿಡಿ ಹುಣಸೆಬೀಜ. ಆಡುವ ಒಂದು ಕ್ರಮದಲ್ಲಿ, ಸೋತವರು ತಮ್ಮಲ್ಲಿ ಉಳಿದ ಬೀಜದಿಂದ ಎಷ್ಟು ಕುಳಿ ತುಂಬಬಹುದೋ ಅಷ್ಟನ್ನೇ ತುಂಬಿ ಮುಂದಿನ ಆಟ ಹೂಡಬೇಕು. ತುಂಬಲಾಗದ ಕುಳಿ ಅವರ ಪಾಲಿಗೆ ಇಲ್ಲ. ಏಳು ಕುಳಿಯವಳ ಎದುರು ನಾಲ್ಕು ಕುಳಿಯವಳು ಕೂರುತ್ತಾಳೆ. ಇಬ್ಬರ ಜಾಣತನವೂ ಒಂದೇ, ಬೆರಳ ಚುರುಕೂ ಒಂದೇ. ಆಟವನ್ನು ಅಲ್ಲಿಗೆ ನಿಲ್ಲಿಸಿ ಮೇಷ್ಟರು ಕೇಳಲಿ: ಈ ಮೂರು ಕುಳಿಗೆ ಬೀಜ ಕೊಡುವವರು ಯಾರು, ಎಷ್ಟು ಬಡ್ಡಿಗೆ?